ಚಾಂದ್ ತಾರೀಕು ಮತ್ತು ಕಡಲ ಭರತ

(ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸ)



ನಮ್ಮ ಮನೆಯ ಗೋಡೆಯಲ್ಲಿ ತೂಗುವ ಕ್ಯಾಲೆಂಡರಿನಲ್ಲಿ ಇಂಗ್ಲಿಷ್ ತಾರೀಕಿನ ಪಕ್ಕ ಸಣ್ಣ ಅಂಕಿಯಲ್ಲಿ ಚಾಂದ್ ತಾರೀಕೂ ಇರುತ್ತದೆ. ಉಪವಾಸ ಎಂದು, ಈದ್ ಎಂದು ಎಂದು ತಿಳಿಯಲು ನಾವು ಅದನ್ನು ನೋಡುತ್ತೇವೆ. ಕಡಲು ಇಂದು ಹೆಚ್ಚು ಏರುತ್ತದೆಯೇ, ಕಡಿಮೆ ಏರುತ್ತದೆಯೇ ಎಂಬುದನ್ನೂ ಆ ಸಣ್ಣ ಅಂಕಿಯೇ ಹೇಳುತ್ತದೆ. ಹೇಗೆ ಎಂಬುದೇ ನನ್ನ ಇಂದಿನ ವಿಷಯ.

ಪುಸ್ತಕದಲ್ಲಿ ಉಬ್ಬರವಿಳಿತ ಎನ್ನುವುದನ್ನು ಕರಾವಳಿಯವರು ಭರತ, ಇಳಿತ ಎನ್ನುತ್ತಾರೆ. ಚಂದ್ರನ ಆಕರ್ಷಣೆಯಿಂದ ನೀರು ಉಬ್ಬುತ್ತದೆ ಎಂದು ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಗುತ್ತದೆ. ಆದರೆ ಚಂದ್ರ ನಮ್ಮ ನೆತ್ತಿಯ ಮೇಲೆ ಬರುವುದು ದಿನಕ್ಕೆ ಒಮ್ಮೆ. ಭರತ ಬರುವುದು ಎರಡು ಸಲ. ಎರಡನೆಯದು ಎಲ್ಲಿಂದ ಬಂತು?

ಉತ್ತರ ಇರುವುದು ಆಕರ್ಷಣೆಯಲ್ಲಲ್ಲ, ಆಕರ್ಷಣೆಯ ವ್ಯತ್ಯಾಸದಲ್ಲಿ. ಚಂದ್ರ ನಮ್ಮಿಂದ ಸರಾಸರಿ 3,84,400 ಕಿ.ಮೀ. ದೂರದಲ್ಲಿದ್ದಾನೆ. ಭೂಮಿಯ ಅಡ್ಡಗಲ ಸುಮಾರು 12,742 ಕಿ.ಮೀ. ಹೀಗಾಗಿ ಚಂದ್ರನ ಕಡೆಗಿರುವ ಮೈಗೂ ಆಚೆ ಕಡೆಯ ಮೈಗೂ ಸಿಗುವ ಸೆಳೆತದಲ್ಲಿ ಶೇಕಡಾ 7ರಷ್ಟು ಅಂತರವಿದೆ. ಈಚೆಯ ನೀರು ಭೂಮಿಯ ನಡುವಿಗಿಂತ ಹೆಚ್ಚು ಸೆಳೆಯಲ್ಪಡುತ್ತದೆ, ಆಚೆಯ ನೀರು ಕಡಿಮೆ ಸೆಳೆಯಲ್ಪಟ್ಟು ಹಿಂದೆ ಉಳಿಯುತ್ತದೆ. ಆದ್ದರಿಂದ ಎರಡೂ ಕಡೆ ಉಬ್ಬು. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ನಮ್ಮ ತೀರ ಎರಡೂ ಉಬ್ಬುಗಳನ್ನು ಹಾದುಹೋಗಬೇಕು. ಅಷ್ಟರಲ್ಲಿ ಚಂದ್ರನೂ ಸ್ವಲ್ಪ ಮುಂದೆ ಸರಿದಿರುತ್ತಾನೆ. ಅವನನ್ನು ಹಿಡಿಯಲು ಭೂಮಿಗೆ 24 ಗಂಟೆ 50 ನಿಮಿಷ ಬೇಕು. ಇಂದಿನ ಭರತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುವುದು ಇದಕ್ಕೇ.

ಇನ್ನು ಸೂರ್ಯ. ವಿದ್ಯಾರ್ಥಿಗಳು ಈ ಲೆಕ್ಕವನ್ನು ಮನೆಯಲ್ಲಿ ತಾವೇ ಮಾಡಿ ನೋಡಬೇಕು. ಸೂರ್ಯನ ರಾಶಿ ಚಂದ್ರನದಕ್ಕಿಂತ ಸುಮಾರು 2 ಕೋಟಿ 70 ಲಕ್ಷ ಪಟ್ಟು, ದೂರ ಸುಮಾರು 390 ಪಟ್ಟು. ಸೆಳೆತ ದೂರದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, 390ರ ವರ್ಗದಿಂದ ಭಾಗಿಸಿದರೆ ಸೂರ್ಯನ ಸೆಳೆತವೇ ಚಂದ್ರನದಕ್ಕಿಂತ 170 ಪಟ್ಟಿಗೂ ಹೆಚ್ಚು! ಆದರೆ ಸೆಳೆತದ ವ್ಯತ್ಯಾಸ ಇಳಿಯುವುದು ದೂರದ ಘನಕ್ಕೆ ತಕ್ಕಂತೆ. ಮತ್ತೊಮ್ಮೆ 390ರಿಂದ ಭಾಗಿಸಿ. ಸೂರ್ಯನ ಪಾಲು ಚಂದ್ರನದರ ಅರ್ಧಕ್ಕಿಂತ ಕಡಿಮೆ, ಸುಮಾರು ಶೇಕಡಾ 46 ಎಂದು ಬರುತ್ತದೆ. ಕಡಲಿನ ಮಟ್ಟಿಗೆ ದೂರದ ದೊಡ್ಡವನಿಗಿಂತ ಹತ್ತಿರದ ಸಣ್ಣವನೇ ಬಲಶಾಲಿ.

ಅಮಾವಾಸ್ಯೆ ಮತ್ತು ಹುಣ್ಣಿಮೆಯಲ್ಲಿ ಮೂವರೂ ಒಂದೇ ಸಾಲಿಗೆ ಬರುವುದರಿಂದ ಇಬ್ಬರ ಬಲ ಕೂಡುತ್ತದೆ, ಭರತ ದೊಡ್ಡದಾಗುತ್ತದೆ. ಅರ್ಧಚಂದ್ರನ ದಿನಗಳಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರು ಕಡಿಮೆ ಮಾಡುತ್ತಾರೆ. ನೀರು ಈ ಬದಲಾವಣೆಗೆ ಹೊಂದಿಕೊಳ್ಳಲು ಸಾಮಾನ್ಯವಾಗಿ ಒಂದೆರಡು ದಿನ ಹಿಡಿಯುತ್ತದೆ. ಅಮಾವಾಸ್ಯೆಯ ನಂತರ ಹೊಸ ಚಂದ್ರ ಕಣ್ಣಿಗೆ ಬೀಳಲೂ ಅಷ್ಟೇ ಸಮಯ ಬೇಕು! ಹಾಗಾಗಿ ಚಾಂದ್ 1ರ ಆಸುಪಾಸು, ಮತ್ತೆ 15–16ರ ಸುಮಾರಿಗೆ ದೊಡ್ಡ ಭರತ; 8–9ಕ್ಕೂ 23ರ ಸುಮಾರಿಗೂ ಸಣ್ಣ ಭರತ. ಈದುಲ್ ಫಿತ್ರ್ ದಿನ ಕಡಲು ತುಂಬಿರುತ್ತದೆ. ಬಕ್ರೀದ್ 10ನೇ ಚಾಂದ್ ಆದ್ದರಿಂದ ಆಗ ಕಡಲು ಸಣ್ಣ ಭರತ ಮುಗಿಸಿ ಮತ್ತೆ ಬೆಳೆಯತೊಡಗಿರುತ್ತದೆ.

ಇದನ್ನೆಲ್ಲ ಗಮನಿಸಿದವರಲ್ಲಿ ನಾವು ಮೊದಲಿಗರಲ್ಲ. ಒಂಬತ್ತನೇ ಶತಮಾನದಲ್ಲಿ ಬಲ್ಖ್‌ನ ಅಬೂ ಮಅಶರ್ ಚಂದ್ರ ದಿಗಂತದ ಕೆಳಗಿರುವಾಗಲೂ ಭರತ ಬರುವುದನ್ನು ದಾಖಲಿಸಿದರು. ಅವರು ಕೊಟ್ಟ ಕಾರಣ ಜ್ಯೋತಿಷ್ಯದ್ದು, ಅದು ನಿಲ್ಲಲಿಲ್ಲ, ವೀಕ್ಷಣೆ ನಿಂತಿತು. ಹನ್ನೆರಡನೇ ಶತಮಾನದಲ್ಲಿ ಆ ಗ್ರಂಥ ಲ್ಯಾಟಿನ್‌ಗೆ ಅನುವಾದವಾಗಿ ಯುರೋಪಿಗೆ ಹೋಯಿತು. ಹನ್ನೊಂದನೇ ಶತಮಾನದ ಅಲ್‌ಬಿರೂನಿ ಸೋಮನಾಥದ ತೀರದ ಬಗ್ಗೆ ಬರೆಯುತ್ತಾ, ಚಂದ್ರ ಹುಟ್ಟುವಾಗಲೂ ಮುಳುಗುವಾಗಲೂ ಅಲ್ಲಿ ನೀರು ಏರುತ್ತದೆ, ನೆತ್ತಿಗೆ ಬಂದಾಗ ಇಳಿಯುತ್ತದೆ ಎಂದರು. ಗೆಲಿಲಿಯೊನಂಥ ಮೇಧಾವಿಯೇ 1632ರಲ್ಲಿ ಚಂದ್ರನ ಪಾತ್ರವನ್ನು ಅಲ್ಲಗಳೆದಿದ್ದ. ಸರಿಯಾದ ಕಾರಣ ಸಿಕ್ಕಿದ್ದು 1687ರಲ್ಲಿ, ನ್ಯೂಟನ್‌ನಿಂದ.

ಚಂದ್ರ ನೆತ್ತಿಯಲ್ಲಿರುವಾಗ ಸೋಮನಾಥದಲ್ಲಿ ನೀರು ಇಳಿಯುವುದೇಕೆ? ತೆರೆದ ಸಾಗರದಲ್ಲಿ ಈ ಉಬ್ಬು ಅರ್ಧ ಮೀಟರಿನಷ್ಟು ಮಾತ್ರ. ಅದು ತೀರಕ್ಕೆ ಯಾವಾಗ, ಎಷ್ಟು ಎತ್ತರವಾಗಿ ತಲುಪುತ್ತದೆ ಎನ್ನುವುದನ್ನು ಕಡಲಿನ ಆಳ ಮತ್ತು ದಂಡೆಯ ಆಕಾರ ನಿರ್ಧರಿಸುತ್ತವೆ. ಮಂಗಳೂರಿನಲ್ಲಿ ದೊಡ್ಡ ಭರತಕ್ಕೂ ಇಳಿತಕ್ಕೂ ಅಂತರ ಸುಮಾರು ಒಂದೂವರೆ ಮೀಟರ್. ಆಲಿಕೆಯಂತೆ ಕಿರಿದಾಗುವ ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಅದೇ ಅಂತರ ಹತ್ತು ಮೀಟರ್ ದಾಟುತ್ತದೆ.

ನಮ್ಮದು ಒಂದೂವರೆ ಮೀಟರ್ ಎಂದು ಹಗುರವಾಗಿ ಕಾಣಬೇಡಿ. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಕಡಲು ಸೇರುವ ಅಳಿವೆಯಲ್ಲಿ ಇಳಿತದ ನೀರು ಹೊಳೆಯ ನೀರಿನೊಂದಿಗೆ ಹೊರಗೆ ನುಗ್ಗುತ್ತದೆ. ಎದುರಿನಿಂದ ಬರುವ ಅಲೆ ಅದಕ್ಕೆ ತಾಗಿದಾಗ ಕಡಿದಾಗಿ ಎದ್ದು ಒಡೆಯುತ್ತದೆ. ದೋಣಿಗಳಿಗೆ ಅದು ಅಪಾಯದ ಹೊತ್ತು. ಮಳೆಗಾಲದ ದೊಡ್ಡ ಅಲೆಗಳು ದೊಡ್ಡ ಭರತದ ದಿನವೇ ಬಂದರೆ ಉಳ್ಳಾಲದಂಥ ಕಡೆ ಕಡಲ್ಕೊರೆತದ ಭಯ ಹೆಚ್ಚು. ಅಲೆಯನ್ನು ಎಬ್ಬಿಸುವುದು ಗಾಳಿ. ಅದನ್ನು ಮನೆಯ ಮೆಟ್ಟಿಲ ತನಕ ಹೊತ್ತು ತರುವುದು ಭರತ. ಗಾಳಿಯನ್ನು ತಿಂಗಳ ಮೊದಲೇ ಹೇಳಲಾಗದು, ಭರತವನ್ನು ಹೇಳಬಹುದು. ಭಾರತೀಯ ಸರ್ವೇಕ್ಷಣಾ ಇಲಾಖೆ ಇಡೀ ವರ್ಷದ ಭರತ-ಇಳಿತದ ಪಟ್ಟಿಯನ್ನು ಮುಂಚಿತವಾಗಿಯೇ ಪ್ರಕಟಿಸುತ್ತದೆ.

ಅಳಿವೆಯ ಹತ್ತಿರ ಮನೆಯಿರುವ ವಿದ್ಯಾರ್ಥಿಗಳು ಈ ರಜೆಯಲ್ಲಿ ಒಂದು ಕೆಲಸ ಮಾಡಲಿ. ದಕ್ಕೆಯ ಕಂಬವೊಂದರಲ್ಲಿ ದಿನವೂ ನೀರು ಏರಿದ ಗುರುತನ್ನು ದಡದಲ್ಲೇ ನಿಂತು ಗಮನಿಸಿ, ಗಂಟೆಯನ್ನೂ ಚಾಂದ್ ತಾರೀಕನ್ನೂ ಪುಸ್ತಕದಲ್ಲಿ ಬರೆದಿಡಿ. ಹಗಲಿನ ಭರತವೂ ರಾತ್ರಿಯ ಭರತವೂ ಒಂದೇ ಎತ್ತರ ಬರುವುದಿಲ್ಲ ಎಂಬುದು ಕೆಲವೇ ದಿನಗಳಲ್ಲಿ ಕಾಣಿಸುತ್ತದೆ. ಅದಕ್ಕೆ ಒಂದು ಕಾರಣ, ಚಂದ್ರ ಸದಾ ಭೂಮಧ್ಯರೇಖೆಯ ನೇರದಲ್ಲಿ ಇರದಿರುವುದು. ಒಂದು ತಿಂಗಳ ಲೆಕ್ಕ ತಂದವರ ಜೊತೆ ಉಳಿದ ಮಾತನ್ನು ಆಡೋಣ.