ಹಳೇ ಮದುವೆ ಸಿಡಿ, ಹೊಸ ಟಿವಿ: ಚಿತ್ರ ಯಾಕೆ ಮಸುಕು, ದನಿ ಯಾಕೆ ಸಣ್ಣ?

ರಾಯಚೂರು, ಕಲಬುರಗಿ, ಬೀದರ್ ಕಡೆಯಿಂದ ಬಂದು ಗಚ್ಚಿಬೌಲಿ, ಕೊಂಡಾಪುರದಲ್ಲಿ ಮನೆ ಮಾಡಿರೋ ನಮ್ಮಲ್ಲಿ ಎಷ್ಟೋ ಜನರ ಬೀರುವಿನಲ್ಲಿ ಡಿಸ್ಕ್‌ಗಳ ಒಂದು ಪೌಚ್ ಇದ್ದೇ ಇರುತ್ತೆ. ಅಕ್ಕನ ಮದುವೆ, ತಮ್ಮನ ಮುಂಜಿ. ಅದನ್ನ ಹೊಸ ಫೋರ್‌ಕೆ ಟಿವಿಗೆ ಹಾಕಿದ್ರೆ ಮುಖಾನೇ ಗುರುತು ಸಿಗಲ್ಲ. ಡಿಸ್ಕ್ ಕೆಟ್ಟಿದೆ ಅಂತ ಎಸೆಯೋಕೆ ಹೊರಡ್ತಾರೆ. ಎಸೀಬೇಡಿ. ತೀರಿಹೋದ ಮುತ್ಯಾನ ನಗು, ದನಿ ಬಹುಶಃ ಅದೊಂದರಲ್ಲೇ ಉಳಿದಿರುತ್ತೆ.

ಕೆಟ್ಟಿರೋದು ಡಿಸ್ಕ್ ಅಲ್ಲ, ಲೆಕ್ಕ. ವಿಸಿಡಿ ಅನ್ನೋದು 1993ರ ಸ್ಟ್ಯಾಂಡರ್ಡ್. ನಮ್ಮ ಪಾಲ್ ಪದ್ಧತಿಯಲ್ಲಿ ಅದರ ಚಿತ್ರ 352 x 288, ಅಂದ್ರೆ ಒಂದು ಲಕ್ಷದಷ್ಟು ಪಿಕ್ಸೆಲ್. ಫೋರ್‌ಕೆ ಟಿವಿಯಲ್ಲಿರೋದು ಸುಮಾರು 83 ಲಕ್ಷ. ಒಂದು ಚುಕ್ಕೆಯನ್ನ ಎಂಬತ್ತು ಚುಕ್ಕೆಯ ಜಾಗಕ್ಕೆ ಎಳೆದರೆ ಮಸುಕಾಗದೆ ಇನ್ನೇನಾಗುತ್ತೆ? ಡಿವಿಡಿ 720 x 576, ನಾಲ್ಕು ಪಟ್ಟು ವಾಸಿ.

ಇಲ್ಲಿ ಪ್ಲೇಯರ್ ಸಾಫ್ಟ್‌ವೇರ್ ಕೆಲಸ ಶುರು. ವಿಂಡೋಸ್ 8ರಿಂದ ಮೈಕ್ರೋಸಾಫ್ಟ್ ಮೀಡಿಯಾ ಪ್ಲೇಯರಿನಿಂದ ಡಿವಿಡಿ ಪ್ಲೇಬ್ಯಾಕನ್ನೇ ತೆಗೆದುಹಾಕ್ತು. ಹಾಗಾಗಿ ವಿಎಲ್‌ಸಿ ಹಾಕ್ಕೊಳ್ಳಿ, ಬಿಟ್ಟಿ ಸಿಗುತ್ತೆ. ಪ್ಯಾರಿಸ್‌ನ ಒಂದು ಇಂಜಿನಿಯರಿಂಗ್ ಕಾಲೇಜಿನ ಹುಡುಗರ ಪ್ರಾಜೆಕ್ಟ್ ಆಗಿ 1996ರಲ್ಲಿ ಶುರುವಾಗಿದ್ದು ಅದು. ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್‌ಗಳೆಲ್ಲ ಏನಾದ್ವೋ, ಇರಲಿ.

ಡಿವಿಡಿ ನೋಡುವಾಗ ಕೈ ಬೀಸಿದ ಕಡೆಯೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆ ಕಾಣ್ತಿದ್ರೆ, ಅದು ಇಂಟರ್‌ಲೇಸ್. ಆ ಕಾಲದ ಕ್ಯಾಮರಾ ಒಂದು ಫ್ರೇಮನ್ನ ಎರಡು ಅರ್ಧವಾಗಿ, ಸೆಕೆಂಡಿಗೆ 50 ಅರ್ಧ ಹಿಡೀತಿತ್ತು. ವಿಡಿಯೋ ಮೆನುವಿನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ, ಮೋಡ್ 'ಯಾಡಿಫ್ 2ಎಕ್ಸ್' ಇಡಿ. ಮದುಮಗಳು ನಡ್ಕೊಂಡು ಬರೋದು ನೀರು ಹರಿದ ಹಾಗಿರುತ್ತೆ. ವಿಸಿಡಿಗೆ ಮಾತ್ರ ಇದನ್ನ ಆಫ್ ಇಡಿ. ಅದು ಎಂಪೆಗ್-1, ಅದರಲ್ಲಿ ಇಂಟರ್‌ಲೇಸ್ ಇಲ್ಲವೇ ಇಲ್ಲ. ಶಾರ್ಪ್‌ನೆಸ್ ಏರಿಸೋದೂ ಬೇಡ, ಚೌಕಳಿಗಳು ಇನ್ನೂ ಎದ್ದು ಕಾಣ್ತವೆ. ಚಿತ್ರವನ್ನ 4:3ರಲ್ಲೇ ಬಿಡಿ. ಪಕ್ಕದಲ್ಲಿ ಕಪ್ಪು ಪಟ್ಟಿ ಬಂದ್ರೆ ಬರಲಿ, ಅತ್ತೆ ದಪ್ಪ ಕಾಣೋದಕ್ಕಿಂತ ವಾಸಿ!

ದನಿ ವಿಷಯ. ಊರಿನ ವಿಡಿಯೋದವರ ಎಷ್ಟೋ ರೆಕಾರ್ಡಿಂಗ್‌ಗಳಲ್ಲಿ ಮಾತು ಒಂದೇ ಚಾನೆಲ್‌ನಲ್ಲಿ, ಇನ್ನೊಂದರಲ್ಲಿ ಬರೀ ಗುಂಯ್ ಅನ್ನೋ ಸದ್ದು. ಆಡಿಯೋ ಮೆನುವಿನ ಸ್ಟೀರಿಯೋ ಮೋಡ್‌ನಲ್ಲಿ ಲೆಫ್ಟ್ ಅಥವಾ ರೈಟ್ ಆರಿಸಿ. ಸದ್ದು ಹೋಗಿ ಮಾತು ಎರಡೂ ಕಿವಿಗೆ ಬರುತ್ತೆ. ಓಲಗ ಜೋರು, ಮಾತು ಪಿಸುಪಿಸು ಅನ್ನಿಸಿದ್ರೆ ವಾಲ್ಯೂಮನ್ನ 100 ಶೇಕಡಾ ದಾಟಿಸಬೇಡಿ, ದನಿ ಒಡೆಯುತ್ತೆ. ಎಫೆಕ್ಟ್ಸ್ ಒಳಗಿನ ಕಂಪ್ರೆಸರ್ ಆನ್ ಮಾಡಿ.

ಎಐ ಹಾಕಿ ಎಚ್‌ಡಿ ಮಾಡ್ಲಾ ಅಂತ ಕೇಳ್ತೀರಿ. ಮಾಡಿ, ಆದರೆ ಅದು ಇಲ್ಲದ ಪಿಕ್ಸೆಲನ್ನ ಊಹಿಸಿ ತುಂಬುತ್ತೆ. ಮುತ್ಯಾನ ಮುಖಕ್ಕೆ ಯಾರದ್ದೋ ಕಣ್ಣು ಬಂದ್ರೂ ಬಂತು. ನನ್ನ ಮಟ್ಟಿಗೆ ಮಸುಕಾದ ನಿಜವಾದ ಮುಖವೇ ಇರಲಿ. ಮೂಲವನ್ನಂತೂ ಮೊದಲು ಉಳಿಸಿ.

ಉಳಿಸೋ ರೀತಿ: ಡಿವಿಡಿಯನ್ನ ಐಎಸ್‌ಒ ಫೈಲ್ ಮಾಡಿ. ವಿಸಿಡಿಗೆ ಐಎಸ್‌ಒ ಆಗಲ್ಲ. ಅದರ ವಿಡಿಯೋ ಸೆಕ್ಟರ್ 2324 ಬೈಟ್, ಐಎಸ್‌ಒಗೆ ಹಿಡಿಸೋದು 2048. ಅದಕ್ಕೆ ಇಮ್‌ಗ್‌ಬರ್ನ್‌ನಲ್ಲಿ ಬಿನ್-ಕ್ಯೂ ಮಾಡಿ. ವಿಸಿಡಿಯ ವಿಡಿಯೋಗೆ ಡೇಟಾ ಸಿಡಿಯಷ್ಟು ಎರರ್ ಕರೆಕ್ಷನ್ ಇಲ್ಲ, ಗೀರು ಬಿದ್ದರೆ ಸೀದಾ ಚಿತ್ರಕ್ಕೇ ಪೆಟ್ಟು. ಒಂದು ಡ್ರೈವ್ ಓದದಿದ್ರೆ ಇನ್ನೊಂದರಲ್ಲಿ ಹಾಕಿ ನೋಡಿ, ಎಷ್ಟೋ ಸಲ ಓದಿಬಿಡುತ್ತೆ. ಲ್ಯಾಪ್‌ಟಾಪಿನಲ್ಲಿ ಡ್ರೈವೇ ಇಲ್ವಾ? ಸಿಕಂದರಾಬಾದಿನ ಪಾರ್ಕ್‌ಲೇನ್‌ನಲ್ಲಿರೋ ಚೆನಾಯ್ ಟ್ರೇಡ್ ಸೆಂಟರ್‌ನಲ್ಲಿ ಯುಎಸ್‌ಬಿ ಡಿವಿಡಿ ಡ್ರೈವ್ ಕೇಳಿ. ಹೋಗುವಾಗ ಒಂದು ಹಳೇ ಡಿಸ್ಕ್ ಜೇಬಲ್ಲಿಟ್ಕೊಂಡು ಹೋಗಿ, ಅಂಗಡಿಯಲ್ಲೇ ಓಡಿಸಿ ನೋಡಿ ತಗೊಳ್ಳಿ.