ನಿದ್ದೆಯ ಗುಳಿಗೆ ಮತ್ತು ರಾತ್ರಿಪಾಳಿ

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್, ತುಟ್ಟಿಭತ್ಯದ ಮಾತನ್ನು ಈ ವೇದಿಕೆಯಿಂದ ನೀವು ಬಹಳ ಸಲ ಕೇಳಿದ್ದೀರಿ. ಈ ಹೊತ್ತು ನಾವು ನಿದ್ದೆಯ ಮಾತನ್ನಾಡಲು ನಿಂತಿದ್ದೇವೆ. ಸಂಘದವರಿಗೆ ಬೇರೆ ಕೆಲಸವಿಲ್ಲವೆ ಎಂದು ಯಾರೂ ನಗಬೇಡಿ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಹಿರಿಯರು ಗಾದೆ ಮಾಡಿದರು. ಚಿಂತೆ ಇದ್ದವನು ಏನು ಮಾಡಬೇಕು? ಅವನು ಈಗ ಔಷಧಿ ಅಂಗಡಿಗೆ ಹೋಗುತ್ತಾನೆ. ಈ ಸಭೆಯಲ್ಲಿ ಎಷ್ಟು ಜನರ ಜೇಬಿನಲ್ಲಿ ಆ ಗುಳಿಗೆ ಇದೆಯೆಂದು ನಾವು ಕೇಳುವುದಿಲ್ಲ. ನಮ್ಮ ಜೇಬಿನಲ್ಲಿ ಇತ್ತು ಎಂಬುದನ್ನು ಮಾತ್ರ ಮೊದಲೇ ಒಪ್ಪಿಕೊಳ್ಳುತ್ತೇವೆ.

ಶಾಲೆಯ ಕೆಲಸ ಬಿಟ್ಟು ಸಂಘದ ಕೆಲಸಕ್ಕೆ ಬಂದ ಎರಡನೆಯ ವರ್ಷ ಅದು. ತಿಂಗಳ ಸಂಬಳ ನಿಂತಿತ್ತು. ಗಿರಣಿಯೊಂದರಲ್ಲಿ ಜನರನ್ನು ಮನೆಗೆ ಕಳಿಸಿದ್ದರು. ಕತ್ತಲಾದರೆ ನಮ್ಮ ಜಗಲಿಯ ತುಂಬ ಅವರೇ. ಎಲ್ಲರೂ ಹೋದ ಮೇಲೆ ಹಾಸಿಗೆಗೆ ಬಿದ್ದರೆ ಕಣ್ಣು ಮುಚ್ಚುತ್ತಿತ್ತೇ ಹೊರತು ತಲೆ ಮುಚ್ಚುತ್ತಿರಲಿಲ್ಲ. ಪರಿಚಯದ ಅಂಗಡಿಯವರೊಬ್ಬರು ನಮ್ಮ ಮುಖ ನೋಡಿ ಮರುಕದಿಂದಲೇ ಒಂದು ಪಟ್ಟಿ ಗುಳಿಗೆ ಕೊಟ್ಟರು. ಅರ್ಧ ನುಂಗಿದೆವು, ಸೊಗಸಾದ ನಿದ್ದೆ. ಹದಿನೈದು ದಿನ ಕಳೆಯುವುದರೊಳಗೆ ಅರ್ಧ ಸಾಲದಾಯಿತು, ಒಂದಾಯಿತು. ಮುಂದೆ ಎರಡಾಯಿತು. ಐದು ತಿಂಗಳ ನಂತರ ಒಂದು ಮುಂಜಾನೆ ನಮ್ಮ ಮೇಲೆ ನಮಗೇ ಸಿಟ್ಟು ಬಂದು ಪಟ್ಟಿಯನ್ನು ಚರಂಡಿಗೆ ಎಸೆದೆವು. ಅದೇ ದೊಡ್ಡ ತಪ್ಪು. ಮೂರು ರಾತ್ರಿ ರೆಪ್ಪೆ ಕೂಡಲಿಲ್ಲ. ಕೈ ನಡುಗಿ ಲೋಟದ ಚಹಾ ಚೆಲ್ಲಿತು. ಎದೆ ಹೊಡೆದುಕೊಳ್ಳುವುದನ್ನು ಕಂಡು ಮನೆಯಾಕೆ ಹೆದರಿ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿನ ವೈದ್ಯರು ಬೈಯಲಿಲ್ಲ. ಗುಳಿಗೆಯನ್ನು ಮತ್ತೆ ಶುರು ಮಾಡಿಸಿ, ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹತ್ತು ವಾರಗಳಲ್ಲಿ ಬಿಡಿಸಿದರು. ಹಾಗೆ ಒಮ್ಮೆಗೇ ನಿಲ್ಲಿಸಿದವರಿಗೆ ಫಿಟ್ಸ್ ಬರುವುದೂ ಉಂಟು, ಜೀವಕ್ಕೆ ಅಪಾಯವಾಗುವುದೂ ಉಂಟು ಎಂದು ಆಗ ತಿಳಿಯಿತು.

ನಾವು ಮೆಟ್ರಿಕ್ ಓದಿದ ಮೇಷ್ಟರು, ವೈದ್ಯರಲ್ಲ. ಆದರೆ ಪೆಟ್ಟು ತಿಂದ ಮೇಲೆ ಕೇಳಿ, ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತೇವೆ.

ಮೂತ್ರಪಿಂಡಗಳ ನೆತ್ತಿಯ ಮೇಲೆ ಎರಡು ಸಣ್ಣ ಗ್ರಂಥಿಗಳಿವೆ. ಅಡ್ರಿನಲ್ ಎಂದು ಅವುಗಳ ಹೆಸರು. ಅವು ರಕ್ತಕ್ಕೆ ಬಿಡುವ ರಸಗಳಲ್ಲಿ ಕಾರ್ಟಿಸಾಲ್ ಒಂದು. ಇದು ನಮ್ಮ ವೈರಿಯಲ್ಲ. ಬೆಳಗಿನ ಜಾವ ಏರುತ್ತ ಬಂದು, ಎದ್ದ ಸುಮಾರು ಅರ್ಧ ಗಂಟೆಗೆ ತುದಿ ಮುಟ್ಟಿ, ದುಡಿಮೆಗೆ ಬೇಕಾದ ಸಕ್ಕರೆಯನ್ನು ರಕ್ತಕ್ಕೆ ಒದಗಿಸುತ್ತದೆ. ಸಂಜೆಗೆ ಇಳಿದು ನಡುರಾತ್ರಿಯ ಸುಮಾರಿಗೆ ತೀರ ಕಡಿಮೆಯಾಗುತ್ತದೆ. ಈ ರಸಗಳ ಶೋಧನೆಗಾಗಿಯೇ ಕೆಂಡಾಲ್, ರೈಖ್‌ಸ್ಟೈನ್, ಹೆಂಚ್ ಎಂಬ ಮೂವರಿಗೆ 1950ರಲ್ಲಿ ನೊಬೆಲ್ ಬಹುಮಾನ ಬಂತು. ದೇಹದ ಕಣಕಣದೊಳಗೆ ಹಗಲುರಾತ್ರಿಯ ಗಡಿಯಾರ ಹೇಗೆ ನಡೆಯುತ್ತದೆಂದು ತೋರಿಸಿದ ಬೇರೆ ಮೂವರಿಗೆ 2017ರಲ್ಲಿ ಬಂತು. ಅಂದಮೇಲೆ ವಾರಕ್ಕೊಂದು ಪಾಳಿ ಬದಲಾಯಿಸಿ, ಆ ಗಡಿಯಾರದ ಮುಳ್ಳನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿದರೆ ಏನಾದೀತು? ಮಲಗುವ ಹೊತ್ತಿಗೆ ದೇಹ ಎಚ್ಚರವಾಗಿರುತ್ತದೆ, ದುಡಿಯುವ ಹೊತ್ತಿಗೆ ತೂಕಡಿಸುತ್ತದೆ. ಸಾಲದ ಚಿಂತೆಯೂ ಇದೇ ಕೆಲಸ ಮಾಡುತ್ತದೆ. ಬಾಗಿಲು ಬಡಿಯುವ ಬಡ್ಡಿಯವನು ಹೋದ ಮೇಲೂ ಅವನು ಬಡಿದ ಸದ್ದು ಮೈಯೊಳಗೆ ಉಳಿದಿರುತ್ತದೆ.

ಹಾಗಾದರೆ ಕಾರ್ಟಿಸಾಲ್ ಇಳಿಸುವ ಔಷಧಿ ತಿಂದರಾಯಿತಲ್ಲ ಎಂದು ನೀವು ಕೇಳಬಹುದು. ಅಂಥ ಔಷಧಿಗಳುಂಟು, ಆದರೆ ಅವು ಕುಶಿಂಗ್ ರೋಗ ಮುಂತಾದ ಅಪರೂಪದ ಕಾಯಿಲೆಗಳಿಗೆ, ದೊಡ್ಡ ವೈದ್ಯರ ಕಣ್ಣಿನ ಕೆಳಗೆ ಕೊಡುವಂಥವು. ನಮ್ಮಂಥವರ ಒತ್ತಡಕ್ಕೆ ಅವು ಮದ್ದಲ್ಲ. ಈಚೆಗೆ ರಕ್ತಪರೀಕ್ಷೆಯ ಅಂಗಡಿಗಳು ಕಾರ್ಟಿಸಾಲನ್ನೂ ಅಳೆದುಕೊಡುತ್ತವೆ. ಗಂಟೆಗಂಟೆಗೂ ಏರಿಳಿಯುವ ರಸ ಅದು. ಯಾವ ಹೊತ್ತಿನಲ್ಲಿ ತೆಗೆದ ರಕ್ತ, ಯಾವ ಪಾಳಿ ಮುಗಿಸಿ ಬಂದವನ ರಕ್ತ ಎಂದು ನೋಡದೆ ಆ ಅಂಕಿಗೆ ಬೆಲೆಯಿಲ್ಲ. ವೈದ್ಯರು ಹೇಳದೆ ಅದಕ್ಕೆ ದುಡ್ಡು ಸುರಿಯಬೇಡಿ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಮಂಡಿನೋವು, ಸೊಂಟನೋವು ಎಂದು ಹೋದವರಿಗೆ ಪದವಿಯಿಲ್ಲದ ವೈದ್ಯರು ಪೊಟ್ಟಣದಲ್ಲಿ ಕೊಡುವ ಗುಳಿಗೆಗಳಲ್ಲಿ ಹಲವು ಸಲ ಸ್ಟೀರಾಯ್ಡ್ ಇರುತ್ತದೆ. ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್ ಎಂಬ ಇವು ಕಾರ್ಟಿಸಾಲಿನ ಕೆಲಸವನ್ನೇ ಮಾಡುತ್ತವೆ. ಎರಡು ದಿನ ಹುರುಪು ಬರುತ್ತದೆ, ಹಸಿವು ಹೆಚ್ಚುತ್ತದೆ, ನಿದ್ದೆ ಹೋಗುತ್ತದೆ. ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ. ಹೊರಗಿನಿಂದ ಬರುವುದಕ್ಕೆ ಒಗ್ಗಿದ ನಮ್ಮ ಗ್ರಂಥಿ ತನ್ನ ಕೆಲಸ ನಿಲ್ಲಿಸಿರುತ್ತದೆ. ಆದುದರಿಂದ ಇದನ್ನೂ ಒಮ್ಮೆಗೇ ಬಿಡಬಾರದು. ಪೊಟ್ಟಣವನ್ನು ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ, ಇದೇನೆಂದು ತೋರಿಸಿ.

ಈಗ ನಿದ್ದೆಯ ಗುಳಿಗೆಗೆ ಬರೋಣ. ಈ ಜಾತಿಯ ಮೊದಲ ಗುಳಿಗೆ 1960ರಲ್ಲಿ ಪೇಟೆಗೆ ಬಂತು, 1963ರಲ್ಲಿ ಡಯಜೆಪಾಮ್ ಬಂತು. ಅಲ್ಪ್ರಜೋಲಾಮ್ ಅದರದೇ ಬಳಗ. ಇವು ವಿಷವಲ್ಲ. ಸಾವು, ಅಪಘಾತ ಮುಂತಾದ ದೊಡ್ಡ ಆಘಾತದಲ್ಲಿ ವೈದ್ಯರು ಕೆಲವು ದಿನ ಕೊಟ್ಟರೆ ಉಪಕಾರವೇ. ಎರಡು ನಾಲ್ಕು ವಾರ ಮೀರಿದರೆ ಮೈ ಒಗ್ಗಿಕೊಳ್ಳುತ್ತದೆ, ಹೆಚ್ಚು ಕೇಳುತ್ತದೆ. ಮರುದಿನದ ಮಂಪರು ಬೇರೆ. ರಿಂಗ್ ಫ್ರೇಮಿನ ಮುಂದೆ, ಅಕ್ಕಿ ಗಿರಣಿಯ ಬೆಲ್ಟಿನ ಪಕ್ಕದಲ್ಲಿ ನಿಲ್ಲುವವನಿಗೆ ಮಂಪರೆಂದರೆ ಬೆರಳಿನ ಲೆಕ್ಕ. ಹೆಂಡದ ಜೊತೆಗೆ ಈ ಗುಳಿಗೆ ಕೂಡಿದರೆ ಉಸಿರೇ ನಿಲ್ಲಬಹುದು. ಜೋರಾಗಿ ಗೊರಕೆ ಹೊಡೆಯುವವರೂ ವೈದ್ಯರಿಗೆ ಅದನ್ನು ಹೇಳದೆ ನುಂಗಬಾರದು.

ಔಷಧಿ ಅಂಗಡಿಯ ಬಂಧುಗಳೂ ಇಲ್ಲಿ ಕುಳಿತಿದ್ದೀರಿ. ನೀವೂ ಬಾಡಿಗೆ ಕಟ್ಟಿ ಬದುಕಬೇಕಾದವರು ಎಂಬುದನ್ನು ಬಲ್ಲೆವು. ಆದರೆ ಅಲ್ಪ್ರಜೋಲಾಮ್, ಡಯಜೆಪಾಮ್, ಜೋಲ್ಪಿಡೆಮ್ ಇವನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು. 2014ರಿಂದ ಇವು ಎಚ್-1 ಪಟ್ಟಿಯಲ್ಲಿವೆ. ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಗುಳಿಗೆಯ ಲೆಕ್ಕ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕೆಂದು ಕಾನೂನು. ನಮಗೆ ಗುಳಿಗೆ ಕೊಟ್ಟವರು ಒಳ್ಳೆಯವರೇ. ಆ ಒಳ್ಳೆಯತನ ನಮ್ಮನ್ನು ಐದು ತಿಂಗಳು ಕಟ್ಟಿಹಾಕಿತು.

ಹಾಗಾದರೆ ನಿದ್ದೆ ಬಾರದವನು ಏನು ಮಾಡಬೇಕು? ನಮ್ಮ ವೈದ್ಯರು ಕಲಿಸಿದ್ದನ್ನೇ ಹೇಳುತ್ತೇವೆ. ಎಷ್ಟು ಹೊತ್ತಿಗೆ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ. ಹಾಸಿಗೆಯಲ್ಲಿ ಲೆಕ್ಕಪತ್ರ, ಮೊಬೈಲು ಬೇಡ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕಡೆ ಕೂತು, ಕಣ್ಣೆಳೆದಾಗ ಮಾತ್ರ ಮರಳಿ. ಮಲಗುವುದಕ್ಕೆ ಆರು ಗಂಟೆ ಮುಂಚೆಯೇ ಚಹಾ ನಿಲ್ಲಲಿ. ಇದು ಅಜ್ಜಿಮದ್ದಲ್ಲ. ಇದೇ ಬಗೆಯ ಕ್ರಮಬದ್ಧ ಚಿಕಿತ್ಸೆಯನ್ನು ಗುಳಿಗೆಗಿಂತ ಮೊದಲು ಕೊಡಬೇಕೆಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಶಿಫಾರಸು ಮಾಡಿತು. ರಾತ್ರಿಪಾಳಿಯವರು ಎರಡು ಪಾಳಿಯಲ್ಲಿಯೂ ಒಂದೇ ಹೊತ್ತಿಗೆ ಏಳಲಾರರು. ಅವರು ಹಗಲು ಮಲಗುವ ಕೋಣೆಯನ್ನಾದರೂ ಕತ್ತಲು ಮಾಡಿಕೊಳ್ಳಲಿ, ಪಾಳಿಗೆ ಮುಂಚೆ ಸ್ವಲ್ಪ ಮಲಗಲಿ. ಆ ಹೊತ್ತಿನಲ್ಲಿ ಮನೆಯವರು ಬಾಗಿಲ ಮುಂದೆ ಸದ್ದು ಮಾಡದಿರಲಿ.

ಇಷ್ಟರಿಂದ ಆಗದವರೂ ಇದ್ದಾರೆ. ವಾರಗಟ್ಟಲೆ ಮನಸ್ಸು ಕುಸಿದು, ಊಟ ಸೇರದೆ, ಬದುಕೇ ಬೇಡವೆನ್ನಿಸಿದರೆ ಅದು ಕಾಯಿಲೆ. ಅದಕ್ಕೆ ಬೇರೆ ಔಷಧಿಗಳುಂಟು, ಗುಣ ತೋರಲು ಕೆಲವು ವಾರ ಹಿಡಿಯುತ್ತದೆ. ತಿನ್ನಲು ನಾಚಬೇಕಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಆಸ್ಪತ್ರೆಗಳಿಗೆ ಇಳಿಸಿ ತೋರಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮ ಹುಟ್ಟಿತು. ಇ.ಎಸ್.ಐ. ಇದ್ದವರ ಕೂಲಿಯಲ್ಲಿ ನೂರಕ್ಕೆ 75 ಪೈಸೆ ಪ್ರತಿ ತಿಂಗಳೂ ಹಿಡಿಯುತ್ತಾರೆ. ಆ ದವಾಖಾನೆ ನಿಮ್ಮದೇ ದುಡ್ಡಿನದು. ನಡುರಾತ್ರಿ ಯಾರೂ ಸಿಗದಿದ್ದರೆ 14416ಕ್ಕೆ ಫೋನು ಮಾಡಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್ ಅದು. ದುಡ್ಡಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನು ಕೊನೆಯ ಮಾತು. ವೈದ್ಯರು ನಮ್ಮ ಗುಳಿಗೆ ಬಿಡಿಸಿದರು. ಪಾಳಿಪಟ್ಟಿಯನ್ನು ತಿದ್ದುವುದು ಅವರ ಕೈಯಲ್ಲಿಲ್ಲ. 1886ರಲ್ಲಿ ಷಿಕಾಗೋದ ಕಾರ್ಮಿಕರು ಎಂಟು ಗಂಟೆಯ ದುಡಿಮೆಗಾಗಿ ರಕ್ತ ಸುರಿಸಿದರು. ಉಳಿದ ಹೊತ್ತಿನಲ್ಲಿ ಎಂಟು ಗಂಟೆ ವಿಶ್ರಾಂತಿಗೆ ಎಂಬುದೂ ಆ ಬೇಡಿಕೆಯೊಳಗೇ ಇತ್ತು. ನಮ್ಮ 1948ರ ಕಾರ್ಖಾನೆ ಕಾಯಿದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಕಟ್ಟು ಹಾಕಿತ್ತು. 2023ರಲ್ಲಿ ಕರ್ನಾಟಕದ ತಿದ್ದುಪಡಿ ವಾರದ ಕಟ್ಟನ್ನು ಉಳಿಸಿಕೊಂಡೇ ದಿನದ ದುಡಿಮೆಯನ್ನು 12 ಗಂಟೆಯವರೆಗೆ ಎಳೆಯಲು ದಾರಿ ಮಾಡಿತು. ಹನ್ನೆರಡು ಗಂಟೆ ನಿಂತು, ಹೋಗಿಬರಲು ಎರಡು ಗಂಟೆ ಕಳೆದವನು ಅಡಿಗೆ, ಮಕ್ಕಳು, ಸ್ನಾನ ಮುಗಿಸಿ ಮಲಗುವುದೆಂದಿಗೆ? ಯುರೋಪಿನ ಒಕ್ಕೂಟದ 2003ರ ನಿಯಮದಲ್ಲಿ ಒಂದು ದಿನದ ದುಡಿಮೆಗೂ ಮತ್ತೊಂದಕ್ಕೂ ನಡುವೆ 11 ಗಂಟೆಯ ಬಿಡುವು ಕಡ್ಡಾಯ. ಅಲ್ಲಿನವರ ಮೈ ನಮ್ಮ ಮೈಗಿಂತ ಬೇರೆಯಲ್ಲ.

ಆದುದರಿಂದ ಮಾಲೀಕರ ಮುಂದೆ ನಾಲ್ಕು ಬೇಡಿಕೆ ಇಡೋಣ. ಪಾಳಿಯ ಪಟ್ಟಿ ಹದಿನೈದು ದಿನ ಮುಂಚೆ ಗೋಡೆಗೆ ಬೀಳಲಿ. ಪಾಳಿ ಬೆಳಗಿನಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಮುಂದಕ್ಕೇ ಸರಿಯಲಿ, ಹಿಂದಕ್ಕೆ ಬೇಡ. ಎರಡು ಪಾಳಿಯ ನಡುವೆ 11 ಗಂಟೆ ಬಿಡುವಿರಲಿ. ಔಷಧಿ ಬಿಡಿಸಿಕೊಳ್ಳುತ್ತಿರುವವನಿಗೆ ವೈದ್ಯರ ಚೀಟಿಯ ಮೇಲೆ ಕೆಲವು ವಾರ ಯಂತ್ರದಿಂದ ದೂರದ ಹಗಲು ಕೆಲಸ ಕೊಡಲಿ, ಕೂಲಿ ಕಡಿಯದಿರಲಿ.

ಪೇಟೆಯವರ ಸಾಲದ ವಿಚಾರವೂ ಇದರ ಜೊತೆಗಿದೆ. ಬಲವಂತದ ವಸೂಲಿ ತಡೆಯಲು 2025ರಲ್ಲಿ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆ ಬಂತು. ರಾತ್ರಿ ಬಾಗಿಲು ಬಡಿಸಿಕೊಂಡವರು ಒಬ್ಬರೇ ಕೂತು ನಡುಗಬೇಡಿ, ಸಂಘದ ಕಚೇರಿಗೆ ಬನ್ನಿ. ದೂರು ಬರೆದುಕೊಡಲು ನಾವಿದ್ದೇವೆ.

ಬೇಡಿಕೆಯ ಕಾಗದ ಬಾಗಿಲ ಬಳಿಯ ಮೇಜಿನ ಮೇಲಿದೆ. ರಾತ್ರಿಪಾಳಿಯವರು ಮೊದಲು ಸಹಿ ಹಾಕಿ ಮನೆಗೆ ಹೋಗಿ ಮಲಗಿರಿ. ಉಳಿದವರು ಸಾಲಿನಲ್ಲಿ ನಿಲ್ಲೋಣ.