ಕೂಗು ಯಾರಿಗೆ?

ಎದುರಿಗೆ ಕೂತಿರುವ ದೈಹಿಕ ಶಿಕ್ಷಣ ನಿರ್ದೇಶಕ ಮಿತ್ರರೇ, ಹಿಂದಿನ ಸಾಲಿನಲ್ಲಿ ಟ್ರ್ಯಾಕ್‌ಸೂಟ್ ಹಾಕಿಕೊಂಡು ಊಟದ ಹೊತ್ತಿಗೆ ಕಾಯುತ್ತಿರುವ ಮಕ್ಕಳೇ,

ಈ ಮೈಕು ಸ್ವಲ್ಪ ಆಚೆ ಸರಿಸಿ. ಮೂವತ್ತು ವರ್ಷದ ಮೇಲೆ ಮೈಕಿಲ್ಲದೆ ಮಾತಾಡಿದ ಗಂಟಲು ಇದು. ನನ್ನ ಹಳೇ ಹುಡುಗರು ಮೂರು ನಾಲ್ಕು ಜನ ಸಭೆಯಲ್ಲಿ ಕಾಣುತ್ತಿದ್ದಾರೆ. ಅವರ ಕಿವಿ ಇನ್ನೂ ನೆಟ್ಟಗಿದೆ ಅಂದರೆ ಅದು ಅವರ ತಂದೆತಾಯಿಯ ಪುಣ್ಯ.

ಬೆಂಗಳೂರಿನ ತಣ್ಣನೆಯ ಸಭಾಂಗಣ ಬಿಟ್ಟು ಉಯ್ಯಂಬಳ್ಳಿಗೆ ಈ ವಿಚಾರ ಸಂಕಿರಣವನ್ನು ತಂದದ್ದು ಯಾಕೆ ಎಂದು ಸಂಘಟಕರನ್ನು ಕೇಳಿದೆ. "ಇಲ್ಲಿಂದ ಸಂಗಮ ಹತ್ತಿರ ಸಾರ್, ಮೇಕೆದಾಟು ನೋಡಿಕೊಂಡು ಹೋಗಬಹುದು" ಅಂದರು. ಅಂದರೆ ಮಧ್ಯಾಹ್ನದ ಗೋಷ್ಠಿಯಲ್ಲಿ ಎಷ್ಟು ಜನ ಉಳಿಯುತ್ತೀರಿ ಎಂಬುದು ನನಗೆ ಗೊತ್ತಾಯಿತು.

ಇವತ್ತಿನ ಪ್ರಬಂಧಗಳ ಪಟ್ಟಿ ನೋಡಿದೆ. ಮಾಗಡಿಯಿಂದ ಬಂದಿರುವ ಮೇಡಂ ಪಂದ್ಯಕ್ಕೆ ಮುಂಚಿನ ಆತಂಕದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರು. ಅವರ ಮುಂದೆ ನಾನು ಮನಶ್ಶಾಸ್ತ್ರ ಬಿಚ್ಚುವುದಿಲ್ಲ. ಚನ್ನಪಟ್ಟಣದ ಗೆಳೆಯರು ವಾಲಿಬಾಲ್ ಹುಡುಗರ ಜಿಗಿತವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದಿದ್ದಾರೆ. ಗೊಂಬೆ ಊರಿನವರು, ಕೈ ಸೂಕ್ಷ್ಮ. ಕನಕಪುರದವರು ಆತಿಥೇಯರು, ಹೊಗಳಿದರೆ ಊಟಕ್ಕಾಗಿ ಹೊಗಳಿದ ಅನ್ನುತ್ತೀರಿ. ಇಷ್ಟಕ್ಕೆ ಸಾಹಿತ್ಯ ಸಮೀಕ್ಷೆ ಮುಗಿಯಿತು ಎಂದು ದಯವಿಟ್ಟು ತಿಳಿಯಿರಿ.

ಈಗ ಜಗಳಕ್ಕೆ ಬರುತ್ತೇನೆ.

ನಮ್ಮ ಕ್ಷೇತ್ರದ ಪಿಎಚ್.ಡಿ.ಗಳ ಹೆಸರು ಓದಿ ನೋಡಿ. ಇಂಥ ವ್ಯಾಯಾಮವು ಆಯ್ದ ದೈಹಿಕ ಹಾಗೂ ಶಾರೀರಿಕ ಚರಾಂಶಗಳ ಮೇಲೆ ಬೀರುವ ಪರಿಣಾಮ. ಊರು ಬದಲು, ವ್ಯಾಯಾಮ ಬದಲು, ಹೆಸರು ಅದೇ. ಆಟಗಾರನ ನಾಡಿ ಎಣಿಸಿದೆವು, ಉಸಿರು ಅಳೆದೆವು, ತೊಡೆಯ ಸುತ್ತಳತೆಗೆ ಟೇಪು ಹಿಡಿದೆವು. ನಾವು ಅಳೆಯದೆ ಬಿಟ್ಟದ್ದು ನಮ್ಮ ಬಾಯನ್ನು. ಗೆರೆಯ ಪಕ್ಕ ನಿಂತು ನಲವತ್ತು ನಿಮಿಷ ನಾವು ಏನು ಕೂಗುತ್ತೇವೆ, ಯಾರಿಗೆ ಕೂಗುತ್ತೇವೆ, ಅದರಲ್ಲಿ ಎಷ್ಟು ಅಂಕಣದೊಳಕ್ಕೆ ತಲುಪುತ್ತದೆ? ಈ ಪ್ರಶ್ನೆ ನನ್ನನ್ನು ನಿವೃತ್ತಿಯ ನಂತರವೂ ಬಿಟ್ಟಿಲ್ಲ. ಉತ್ತರ ತಂದಿದ್ದೇನೆ ಎಂದು ಯಾರಾದರೂ ಕಾಯುತ್ತಿದ್ದರೆ ಈಗಲೇ ಕ್ಷಮೆ ಕೇಳುತ್ತೇನೆ.

ಬ್ಯಾಸ್ಕೆಟ್‌ಬಾಲ್ ನನ್ನ ಆಟ, ಅಲ್ಲಿಂದಲೇ ಶುರು ಮಾಡುತ್ತೇನೆ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ 13 ನಿಯಮ ಬರೆದು ಗೋಡೆಗೆ ಅಂಟಿಸಿದರು. ಇದು ಆಡುವವರ ಆಟ, ಆಡಿಸುವವರ ಆಟವಲ್ಲ ಎಂಬುದು ಆ ಮನುಷ್ಯನ ನಂಬಿಕೆ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಮೊದಲ ಬ್ಯಾಸ್ಕೆಟ್‌ಬಾಲ್ ಕೋಚ್ ಅವರೇ. ಗೆದ್ದದ್ದು 55, ಸೋತದ್ದು 60. ಆ ವಿಶ್ವವಿದ್ಯಾಲಯದಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವ ಏಕೈಕ ಕೋಚ್, ಆಟವನ್ನು ಹುಟ್ಟಿಸಿದವರೇ! ನಮ್ಮ ಪ್ರಾಂಶುಪಾಲರ ಕೈಗೆ ಸಿಕ್ಕಿದ್ದರೆ ಅವರ ಗೋಪ್ಯ ವರದಿ ಏನಾಗುತ್ತಿತ್ತೋ.

ಇನ್ನೊಂದು ಸಂಗತಿ. 1948-49ರ ಋತುವಿಗೆ ಮುಂಚೆ ಅಮೆರಿಕದ ಕಾಲೇಜು ಪಂದ್ಯಗಳಲ್ಲಿ ಟೈಮ್‌ಔಟ್ ತೆಗೆದುಕೊಂಡಾಗಲೂ ಕೋಚ್ ತನ್ನ ಆಟಗಾರರ ಜೊತೆ ಮಾತಾಡುವಂತಿರಲಿಲ್ಲ. ಹುಡುಗರು ತಾವೇ ಗುಂಪು ಕಟ್ಟಿ ಯೋಚಿಸಬೇಕಿತ್ತು. ಆಟ ಹುಟ್ಟಿ ಅರ್ಧ ಶತಮಾನ ಕಳೆದ ಮೇಲೆ ನಮಗೆ ಬಾಯಿ ಬಂತು. ಬಂದ ಬಾಯಿ ಮತ್ತೆ ಮುಚ್ಚಿಲ್ಲ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಬೇರು ಸೇರಿತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಶುರು ಮಾಡಿದರು. ಅಲ್ಲಿಂದ ಬಂದವರು ಆಟ ಕಲಿಸಬಲ್ಲ ಮೇಷ್ಟ್ರುಗಳು. ಆದರೆ ನಮ್ಮ ಶಾಲೆಗಳು ಅವರಿಂದ ಕೇಳಿದ್ದು ಆಟವನ್ನಲ್ಲ, ಸಾಲನ್ನು. ಪ್ರಾರ್ಥನೆಗೆ ಸಾಲು, ಆಗಸ್ಟ್ ಹದಿನೈದಕ್ಕೆ ಸಾಲು, ಮಂತ್ರಿ ಬಂದರೆ ಸಾಲು. ಸಾವಧಾನ್, ವಿಶ್ರಾಮ್! ನಮ್ಮನ್ನು ಊರಿನವರು ಡ್ರಿಲ್ ಮೇಷ್ಟ್ರು ಅಂದರು, ನಾವೂ ಒಪ್ಪಿಕೊಂಡೆವು. ಡ್ರಿಲ್ಲಿನಲ್ಲಿ ಕೂಗು ಮೊದಲು, ಚಲನೆ ಆಮೇಲೆ. ಬ್ಯಾಸ್ಕೆಟ್‌ಬಾಲಿನಲ್ಲಿ ಚಲನೆ ನಡೆದುಹೋಗಿರುತ್ತದೆ, ಕೂಗು ಹಿಂದಿನಿಂದ ಬರುತ್ತದೆ. "ಪಾಸ್ ಕೊಡೋ!" ಎಂದು ನಾನು ಅರಚುವಷ್ಟರಲ್ಲಿ ಚೆಂಡು ಎದುರಾಳಿಯ ಕೈಯಲ್ಲಿರುತ್ತಿತ್ತು. ನಾವು ಕೆಟ್ಟದ್ದು ಇಲ್ಲಿ ಎಂಬುದು ನನ್ನ ಹಳೆಯ ಹಟ.

ನಾನು ಸಾಧುವಲ್ಲ. ತೊಂಬತ್ತರ ದಶಕದ ಒಂದು ಅಂತರ ಕಾಲೇಜು ಸೆಮಿಫೈನಲ್. ಕೊನೆಯ ನಿಮಿಷ, ನಾವು ಒಂದು ಪಾಯಿಂಟ್ ಮುಂದೆ. ರೆಫರಿ ಊದದ ಫೌಲ್ ಒಂದಕ್ಕೆ ನಾನು ಗೆರೆ ದಾಟಿ ಒಳಗೆ ನುಗ್ಗಿದೆ, ಬಾಯಿಗೆ ಬಂದದ್ದು ಅಂದೆ. ರೆಫರಿ ಶಾಂತವಾಗಿ ಎರಡು ಕೈ ಜೋಡಿಸಿ 'ಟಿ' ತೋರಿಸಿದರು. ಆಗಿನ ನಿಯಮದಲ್ಲಿ ಕೋಚ್ ಮೇಲಿನ ಟೆಕ್ನಿಕಲ್ ಫೌಲ್‌ಗೆ ಎದುರಾಳಿಗೆ ಎರಡು ಫ್ರೀ ಥ್ರೋ, ಮೇಲೆ ಚೆಂಡು. ಎರಡೂ ಬಿದ್ದವು, ಚೆಂಡೂ ಹೋಯಿತು, ಮೂರು ಪಾಯಿಂಟಿನಿಂದ ಸೋತೆವು. ವಾಪಸ್ ಬರುವಾಗ ಬಸ್ಸಿನಲ್ಲಿ ಹುಡುಗರು ಒಂದು ಮಾತೂ ಆಡಲಿಲ್ಲ. ನನ್ನ ಟಿಫನ್ ಪೊಟ್ಟಣವನ್ನು ಮಾತ್ರ ಮರೆಯದೆ ತಂದುಕೊಟ್ಟರು. ಅದೇ ಹೆಚ್ಚು ಚುಚ್ಚಿತು.

ಈಗ ಟೆಕ್ನಿಕಲ್‌ಗೆ ಒಂದೇ ಫ್ರೀ ಥ್ರೋ. ಕೋಚ್ ತನ್ನ ದುರ್ವರ್ತನೆಗೆ ಎರಡು ಸಲ ಶಿಕ್ಷೆ ತಿಂದರೆ ಹೊರಗೆ. ಬೆಂಚಿನಲ್ಲಿ ಮುಖ್ಯ ಕೋಚ್ ಇಲ್ಲವೇ ಮೊದಲ ಸಹಾಯಕ, ಇಬ್ಬರಲ್ಲಿ ಒಬ್ಬರು ಮಾತ್ರ ನಿಂತಿರಬಹುದು. ನಿಯಮ ಪುಸ್ತಕ ಚೆನ್ನಾಗಿದೆ. ಆದರೆ ನಮ್ಮ ಕಾಲೇಜು ಪಂದ್ಯಗಳಲ್ಲಿ ಊದುವವರು ಯಾರು? ನಾವೇ. ಇವತ್ತು ನಾನು ನಿಮಗೆ ಟೆಕ್ನಿಕಲ್ ಕೊಟ್ಟರೆ ಮುಂದಿನ ವಾರ ನನ್ನ ಪಂದ್ಯಕ್ಕೆ ನೀವು ಸೀಟಿ ಹಿಡಿದಿರುತ್ತೀರಿ. ಇಬ್ಬರು ನಗುತ್ತಿದ್ದಾರೆ. ಯಾವ ಪಂದ್ಯ ನೆನಪಾಯಿತು ಎಂದು ನಾನು ಕೇಳುವುದಿಲ್ಲ.

ಎಲ್ಲರೂ ಹೇಳುವ ಉದಾಹರಣೆಗಳನ್ನೂ ನೋಡಿಬಿಡೋಣ. ಇಂಡಿಯಾನಾದ ಬಾಬಿ ನೈಟ್ 1985ರ ಫೆಬ್ರವರಿಯಲ್ಲಿ ಪರ್ಡ್ಯೂ ವಿರುದ್ಧದ ಪಂದ್ಯದಲ್ಲಿ ಪ್ಲಾಸ್ಟಿಕ್ ಕುರ್ಚಿಯನ್ನೇ ಅಂಕಣಕ್ಕೆ ಎಸೆದರು. ಅವರ ತಂಡ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದದ್ದು 3 ಸಲ. ಕಾರ್ಯಕ್ರಮ ಪತ್ರಿಕೆ ಸುರುಳಿ ಸುತ್ತಿ ಹಿಡಿದು ಬೆಂಚಿನ ಮೇಲೆ ಕೂತಿರುತ್ತಿದ್ದ ಯುಸಿಎಲ್ಎಯ ಜಾನ್ ವುಡನ್ 1964ರಿಂದ 1975ರೊಳಗೆ 10 ಸಲ. ಕುರ್ಚಿ ಎಸೆದವರಿಗೆ ಮೂರು, ಕುರ್ಚಿಯಲ್ಲಿ ಕೂತವರಿಗೆ ಹತ್ತು ಎಂದು ನಾನೂ ಎಷ್ಟೋ ತರಬೇತಿ ಶಿಬಿರದಲ್ಲಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಈಗ ನಾಚಿಕೆ ಆಗುತ್ತದೆ. ವುಡನ್ ಆ ಪತ್ರಿಕೆಯ ಸುರುಳಿಯ ಹಿಂದಿನಿಂದ ರೆಫರಿಗಳಿಗೆ ಸಾಕಷ್ಟು ಚುಚ್ಚುತ್ತಿದ್ದರು ಎಂಬುದು ಆಮೇಲೆ ಓದಿದೆ.

ಆದರೆ ವುಡನ್ ವಿಷಯದಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು, ಥಾರ್ಪ್ ಮತ್ತು ಗ್ಯಾಲಿಮೋರ್, ನಾವು ಮಾಡದ ಕೆಲಸ ಮಾಡಿದರು. 1974-75ರ ಋತುವಿನಲ್ಲಿ ಅಭ್ಯಾಸದ ಅಂಗಳದ ಪಕ್ಕ ಕೂತು ಅವರ ಬಾಯಿಂದ ಬಂದದ್ದನ್ನೆಲ್ಲ ಬರೆದುಕೊಂಡರು, 2,326 ನಮೂದುಗಳು. ಹೊಗಳಿಕೆ ನೂರಕ್ಕೆ ಏಳರ ಹತ್ತಿರ, ಬೈಗುಳವೂ ಹೆಚ್ಚುಕಡಿಮೆ ಅಷ್ಟೇ. ಉಳಿದದ್ದರಲ್ಲಿ ಬಹುಪಾಲು ಬರೀ ಮಾಹಿತಿ: ಕಾಲು ಎಲ್ಲಿಡಬೇಕು, ಯಾವಾಗ ತಿರುಗಬೇಕು. ಅದ್ಭುತ ಕೆಲಸ. ಒಂದು ಕೊರತೆ, ಅದು ಅಭ್ಯಾಸದ ಲೆಕ್ಕ. ಪಂದ್ಯದ ದಿನ ಗೆರೆಯ ಪಕ್ಕದ ಲೆಕ್ಕವಲ್ಲ. ನನ್ನ ಪ್ರಶ್ನೆ ಅಲ್ಲೇ ಉಳಿಯಿತು.

ಈ ಸೀಮೆಯಲ್ಲಿ ಬ್ಯಾಸ್ಕೆಟ್‌ಬಾಲ್ ಕಂಬಕ್ಕಿಂತ ಕಬಡ್ಡಿ ಅಂಕಣ ಬೇಗ ಸಿಗುತ್ತದೆ, ಅದನ್ನೂ ಹೇಳಬೇಕು. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಕೋಚ್‌ನ ಟೈಮ್‌ಔಟ್ ಮಾತು ಮೈಕಿನಲ್ಲಿ ಮನೆಮನೆಗೆ ಬಂತು. ನಮ್ಮ ಕರ್ನಾಟಕದ ಬಿ.ಸಿ. ರಮೇಶ್ 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರಲ್ಲಿ ಪುಣೇರಿ ಪಲ್ಟನ್, ಎರಡು ಬೇರೆ ತಂಡಗಳಿಗೆ ಕಪ್ ಗೆಲ್ಲಿಸಿಕೊಟ್ಟರು. ಅವರ ಆ ಕೆಲಸದಲ್ಲಿ ಎಷ್ಟು ಮೈಕಿಗೆ ಸಿಕ್ಕಿತು? ಸಿಕ್ಕದೆ ಉಳಿದದ್ದೇ ಹೆಚ್ಚು ಎಂದು ನನ್ನ ಅಂದಾಜು. ಆದರೆ ನಮ್ಮ ತಾಲ್ಲೂಕು ಮಟ್ಟದ ಪಂದ್ಯಗಳಲ್ಲೂ ಕ್ಯಾಮೆರಾ ಇದ್ದಂತೆ ಕುಣಿಯುವ ಕೋಚ್‌ಗಳು ಹುಟ್ಟಿಕೊಂಡರು. ಆ ಕೂಗು ಆಟಗಾರನಿಗಲ್ಲ, ಮುಂದಿನ ಸಾಲಿನ ಸೋಫಾದಲ್ಲಿ ಕೂತ ಆಡಳಿತ ಮಂಡಳಿಗೆ.

ಎಲ್ಲ ಕೂಗೂ ನಾಟಕವೇ? ರಾಹುಲ್ ದ್ರಾವಿಡ್ ಅವರನ್ನು ನೆನೆಯಿರಿ. ಅವರು ಸಿಟ್ಟಾಗುವುದೇ ತಮಾಷೆ ಎಂದು 2021ರಲ್ಲಿ ಜಾಹೀರಾತು ಬಂತು, ಇಂದಿರಾನಗರದ ಗೂಂಡಾ ಎಂದು ನಾಡೆಲ್ಲ ನಕ್ಕಿತು. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ವಿಶ್ವಕಪ್ ಕೈಗೆ ಬಂದಾಗ ಆ ಮನುಷ್ಯ ಗಂಟಲು ಬಿರಿಯುವಂತೆ ಕೂಗಿದರು. ಆಟ ಮುಗಿದಿತ್ತು, ಕಲಿಸುವುದೇನೂ ಉಳಿದಿರಲಿಲ್ಲ. ಆ ಕೂಗು ಯಾರಿಗೆ? ನನಗಂತೂ ಅದರಲ್ಲಿ ಸುಳ್ಳು ಕಾಣಲಿಲ್ಲ.

ನಿನ್ನೆ ರಾತ್ರಿ ಇಲ್ಲೇ ಹತ್ತಿರದ ಹಳ್ಳಿಯಲ್ಲಿ ಉಳಿದಿದ್ದೆ. ಮನೆಯ ಯಜಮಾನರು ರಾಗಿ ಹೊಲದ ಅಟ್ಟಣೆಯ ಮೇಲೆ ರಾತ್ರಿ ಕಳೆದು ಕಳೆದು ವಯಸ್ಸಾದವರು. ಆನೆ ಬಂದರೆ ಏನು ಮಾಡುತ್ತೀರಿ ಅಂದೆ. "ಮೊದ್ಲು ಕೂಗ್ತಿದ್ವಿ, ಓಡ್ತಿದ್ವು. ಆಮೇಲೆ ಕೂಗು ಅಭ್ಯಾಸ ಆಗೋಯ್ತು. ತಮಟೆ ಬಡುದ್ವಿ, ಅದೂ ಅಭ್ಯಾಸ ಆಯ್ತು. ಈಗ ನಾವು ಕೂಗ್ತೀವಿ, ಅವು ತಿಂತವೆ" ಅಂದರು. ಅರ್ಧ ರಾತ್ರಿ ನಿದ್ದೆ ಬರಲಿಲ್ಲ. ಆನೆಯಿಂದಲ್ಲ, ನನ್ನ ಸೇವಾವಧಿ ನೆನಪಾಗಿ.

ಈ ಮಾತಿಗೇ ನಿಲ್ಲಿಸಿದರೆ ಚಂದ. ಆದರೆ ಎದುರು ಸಾಕ್ಷಿ ಒಂದಿದೆ, ಬಚ್ಚಿಟ್ಟರೆ ತಪ್ಪಾಗುತ್ತದೆ. ಆ ಸೆಮಿಫೈನಲ್ ಆದ ಮೇಲೆ ಒಂದು ವರ್ಷ ನಾನು ಹೆಣ್ಣುಮಕ್ಕಳ ತಂಡದ ಬೆಂಚಿನಲ್ಲಿ ಬಾಯಿಗೆ ಬೀಗ ಹಾಕಿ ಕೂತೆ. ಟೈಮ್‌ಔಟಿನಲ್ಲಿ ಎರಡು ವಾಕ್ಯ, ಅಷ್ಟೇ. ಎರಡನೇ ಸುತ್ತಿನಲ್ಲೇ ಸೋತರು. ಸೋಲು ಇರಲಿ. ನಾಯಕಿ ಬಂದು ನೀರಿನ ಬಾಟಲಿ ಹಿಡಿದು ನಿಂತು ಕೇಳಿದಳು: "ಸಾರ್, ನಮ್ಮ ಮೇಲೆ ಬೇಜಾರಾಗಿದ್ದೀರಾ? ನೀವು ಕೂಗದೇ ಇದ್ರೆ ನಮ್ಮ ಮೇಲೆ ಆಸೆ ಬಿಟ್ಬಿಟ್ರಿ ಅನ್ನಿಸ್ತು." ನನ್ನ ಮೌನವೂ ಅವಳಿಗೆ ಒಂದು ಬೈಗುಳವಾಗಿಯೇ ಕೇಳಿಸಿತ್ತು. ಅವಳಿಗೆ ಏನು ಹೇಳಬೇಕಿತ್ತು ಎಂಬುದು ಇವತ್ತಿಗೂ ತೋಚಿಲ್ಲ. ಮಾಗಡಿಯ ಮೇಡಂ ತಮ್ಮ ಗೋಷ್ಠಿಯಲ್ಲಿ ಹೇಳಿದರೆ ಮೊದಲ ಸಾಲಿನಲ್ಲಿ ಕೂತು ಬರೆದುಕೊಳ್ಳುತ್ತೇನೆ.

ನನಗೆ ಕೊಟ್ಟ ಸಮಯ ಮೀರಿದೆ, ಅಧ್ಯಕ್ಷರು ಎರಡು ಸಲ ಗಡಿಯಾರ ನೋಡಿದರು. ಕೇಳಿಕೊಳ್ಳುವುದು ಇಷ್ಟೇ. ಮುಂದಿನ ಅಂತರ ಕಾಲೇಜು ಪಂದ್ಯದಲ್ಲಿ ನಿಮ್ಮ ತಂಡ ಆಡದ ಹೊತ್ತಿನಲ್ಲಿ ಬೇರೆಯವರ ಬೆಂಚಿನ ಹಿಂದೆ ಒಂದು ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ಕೋಚ್ ಅಂದ ಪ್ರತಿ ಮಾತು ಬರೆಯಿರಿ, ಅದು ಯಾರ ಕಡೆಗೆ ಹೋಯಿತು ಎಂಬುದನ್ನೂ ಬರೆಯಿರಿ: ಆಟಗಾರ, ರೆಫರಿ, ಸೋಫಾ, ಇಲ್ಲವೇ ತನಗೆ ತಾನೇ. ಪಂದ್ಯ ಮುಗಿದ ಮೇಲೆ ಆಟಗಾರರನ್ನೂ ಕೇಳಿ, ಏನು ಕೇಳಿಸಿತು ಎಂದು. ಮಧ್ಯಾಹ್ನ ಮೂರಕ್ಕೆ ಹೊರಗಿನ ಮೈದಾನದಲ್ಲಿ ಈ ಮಕ್ಕಳದೇ ಸ್ನೇಹ ಪಂದ್ಯ ಇದೆ, ಒಂದು ಬೆಂಚಿನಲ್ಲಿ ನಾನು ಕೂತಿರುತ್ತೇನೆ. ಮೇಕೆದಾಟಿಗೆ ಹೊರಡುವ ಮುಂಚೆ ಪೆನ್ನು ಹಿಡಿದು ನನ್ನ ಹಿಂದೆ ಬನ್ನಿ.